ನಿಷೇಧದ ವ್ಯಾಪ್ತಿ: ತತ್ತ್ವಚಿಂತನೆಯಲ್ಲಿ ಆಕಾರಿಕ ತರ್ಕದ ಪಾತ್ರ ಮತ್ತು ಮಿತಿ

‘ನಾನು ಎರಡು ಪುಸ್ತಕ ಓದಲಿಲ್ಲ’ ಎಂಬ ವಾಕ್ಯಕ್ಕೆ ಕನ್ನಡದಲ್ಲಿ ಎರಡು ಅರ್ಥಗಳು ಸಾಧ್ಯ. ಓದದೆ ಉಳಿದ ಪುಸ್ತಕಗಳು ಎರಡು ಎಂಬುದು ಒಂದು. ಓದಿದ್ದು ಎರಡಲ್ಲ, ಬಹುಶಃ ಒಂದೇ ಎಂಬುದು ಇನ್ನೊಂದು. ಪದಗಳೂ ಅವುಗಳ ಕ್ರಮವೂ ಬದಲಾಗಿಲ್ಲ. ನಿಷೇಧದ ವ್ಯಾಪ್ತಿಯೊಳಗೆ ‘ಎರಡು’ ಸೇರುತ್ತದೆಯೇ ಇಲ್ಲವೇ ಎಂಬುದಷ್ಟೇ ಬದಲಾಗಿದೆ. ದಿನಬಳಕೆಯಲ್ಲಿ ಸಂದರ್ಭವೇ ಈ ಸಂದಿಗ್ಧತೆಯನ್ನು ಪರಿಹರಿಸುತ್ತದೆ. ತತ್ತ್ವಶಾಸ್ತ್ರದ ವಾದದಲ್ಲಿ ಆ ನೆರವು ಹಲವು ವೇಳೆ ದೊರೆಯದು. ಅಲ್ಲಿ ಆಕಾರಿಕ ತರ್ಕವು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ಪ್ರಸಿದ್ಧ ನಿದರ್ಶನವೊಂದರ ಮೂಲಕ ಪರಿಶೀಲಿಸುತ್ತೇವೆ.

ಬರ್ಟ್ರಂಡ್ ರಸೆಲ್ 1905ರಲ್ಲಿ ‘ಮೈಂಡ್’ ಪತ್ರಿಕೆಯಲ್ಲಿ ಒಂದು ಒಗಟನ್ನು ಚರ್ಚಿಸಿದರು. ಒಂದು ಹೇಳಿಕೆ ಅಥವಾ ಅದರ ನಿಷೇಧ, ಎರಡರಲ್ಲೊಂದು ಸತ್ಯವಾಗಿರಲೇಬೇಕು. ಆದರೆ ಫ್ರಾನ್ಸಿಗೆ ಆಗ ಅರಸನೇ ಇರಲಿಲ್ಲ. ಬೋಳುತಲೆಯವರಲ್ಲಾಗಲಿ ಉಳಿದವರಲ್ಲಾಗಲಿ ‘ಫ್ರಾನ್ಸಿನ ಈಗಿನ ಅರಸ’ ಸಿಗಲಾರ. ಹಾಗಾದರೆ ನಿಯಮವೇ ತಪ್ಪೇ? ‘ಫ್ರಾನ್ಸಿನ ಈಗಿನ ಅರಸ ಬೋಳುತಲೆಯವನಲ್ಲ’ ಎಂಬುದಕ್ಕೆ ಎರಡು ರೂಪಗಳಿವೆ ಎಂದು ರಸೆಲ್ ತೋರಿಸಿದರು. ‘ಅಂಥ ಅರಸ ಒಬ್ಬನೇ ಒಬ್ಬನಿದ್ದಾನೆ, ಅವನ ತಲೆ ಬೋಳಲ್ಲ’ ಎಂಬುದು ಸುಳ್ಳು. ‘ಅಂಥ ಅರಸ ಒಬ್ಬನೇ ಒಬ್ಬನಿದ್ದಾನೆ, ಅವನ ತಲೆ ಬೋಳು ಎಂಬುದು ನಿಜವಲ್ಲ’ ಎಂಬುದು ಸತ್ಯ. ಮೂಲ ಹೇಳಿಕೆಯ ನಿಷೇಧವು ಈ ಎರಡನೆಯದೇ. ಹೀಗೆ ನಿಯಮ ಉಳಿಯಿತು. ಇಲ್ಲದ ಅರಸನಿಗೆ ಯಾವುದೋ ಬಗೆಯ ಇರವನ್ನು ಕಲ್ಪಿಸುವ ಅಗತ್ಯವೂ ಇಲ್ಲವಾಯಿತು.

1950ರಲ್ಲಿ ಪಿ.ಎಫ್. ಸ್ಟ್ರಾಸನ್ ಅದೇ ಪತ್ರಿಕೆಯಲ್ಲಿ ಈ ವಿಶ್ಲೇಷಣೆಯನ್ನು ಆಕ್ಷೇಪಿಸಿದರು. ಅವರ ಪ್ರಕಾರ, ಅರಸನಿದ್ದಾನೆಂದು ಮಾತುಗಾರನು ಪ್ರತಿಪಾದಿಸುವುದಿಲ್ಲ, ಅದನ್ನು ಮೊದಲೇ ಗೃಹೀತವಾಗಿಟ್ಟುಕೊಂಡಿರುತ್ತಾನೆ; ಅರಸನಿಲ್ಲದಿದ್ದರೆ ಸತ್ಯಾಸತ್ಯತೆಯ ಪ್ರಶ್ನೆಯೇ ಏಳದು.

ಈ ವಿವಾದವನ್ನು ತರ್ಕವೊಂದೇ ತೀರ್ಮಾನಿಸಲಾರದು. ಎರಡು ರೂಪಗಳನ್ನೂ ಸಂಕೇತಗಳಲ್ಲಿ ನಿಖರವಾಗಿ ಬರೆಯಬಹುದು. ಆಡಿದ ಮಾತಿಗೆ ಯಾವ ರೂಪ ಸಲ್ಲುತ್ತದೆ, ಅಥವಾ ಅವುಗಳಲ್ಲಿ ಒಂದಾದರೂ ಸಲ್ಲುತ್ತದೆಯೇ ಎಂಬುದನ್ನು ಭಾಷಾಬಳಕೆಯನ್ನು ನೋಡಿಯೇ ಅರಿಯಬೇಕು. ಆದರೂ ಸ್ಟ್ರಾಸನ್‌ಗೆ ತಮ್ಮ ಭಿನ್ನಮತದ ಬಿಂದುವನ್ನು ಅಷ್ಟು ಖಚಿತವಾಗಿ ಗುರುತಿಸಲು ಸಾಧ್ಯವಾದದ್ದು, ಅರಸನ ಇರವನ್ನು ರಸೆಲ್ ಪ್ರತ್ಯೇಕ ಅಂಶವಾಗಿ ಬಿಡಿಸಿಟ್ಟಿದ್ದರಿಂದಲೇ. ಒಪ್ಪಿಗೆಯನ್ನು ತರ್ಕವು ಒದಗಿಸದು. ಎಲ್ಲಿ ಒಪ್ಪುವುದಿಲ್ಲ ಎಂಬುದನ್ನು ಸ್ಪಷ್ಟಪಡಿಸುತ್ತದೆ. ಉತ್ತಮ ತತ್ತ್ವಚಿಂತನೆಯಲ್ಲಿ ಅದರ ಪಾತ್ರ ಇದೇ ಎಂದು ನಾವು ಭಾವಿಸುತ್ತೇವೆ.