ನಿಮಗಿದು ಗೊತ್ತೆ? ಮಂಡ್ಯದ ಸೊನ್ನೆ, ಮದ್ದೂರಿನ ಒತ್ತು
‘ಮಂಡ್ಯ’ದಲ್ಲಿ ಮ ಪಕ್ಕದ ಸೊನ್ನೆ ಅನುಸ್ವಾರ. ಕನ್ನಡದ ಅಂಕಿ ೦ ಕೂಡ ಅದೇ ದುಂಡು. ಹಲವು ಫಾಂಟ್‌ಗಳಲ್ಲಿ ಎರಡನ್ನೂ ಕಣ್ಣಿನಿಂದ ಬೇರ್ಪಡಿಸುವುದೇ ಕಷ್ಟ. ಕಂಪ್ಯೂಟರಿಗೆ ಮಾತ್ರ ಅವು ಬೇರೆಬೇರೆ: ಯೂನಿಕೋಡ್‌ನಲ್ಲಿ ಅನುಸ್ವಾರದ ಸಂಕೇತ 0C82, ಅಂಕಿಯದು 0CE6. ಅನುಸ್ವಾರದ ಜಾಗದಲ್ಲಿ ಅಂಕಿ ಬಿದ್ದರೆ ‘ಮ೦ಡ್ಯ’ ನೋಡಲು ಸರಿಯಾಗಿಯೇ ಇರುತ್ತದೆ. ಕಡತದಲ್ಲಿ ಹುಡುಕಿದಾಗ ಊರೇ ಸಿಗದೆ ಹೋಗಬಹುದು. ಇದು ಸಣ್ಣ ತೊಂದರೆಯಲ್ಲ.

ಮಳವಳ್ಳಿಯ ಮ, ವ ಎರಡನ್ನೂ ಗಮನಿಸಿ. ವ ಅಕ್ಷರಕ್ಕೆ ಕೊಂಬು ಸೇರಿ ‘ವು’ ಆದರೆ ಅದು ‘ಮ’ಕ್ಕೆ ತೀರಾ ಹತ್ತಿರ. ಮದ್ದೂರಿನ ದ್ದ, ‘ಶುದ್ಧ’ದ ದ್ಧ ಇವುಗಳ ನಡುವೆ ಇರುವುದು ಒಂದು ಪುಟ್ಟ ಗೀಟು. ಅಕ್ಷರ ಚಿಕ್ಕದಾಗಿ, ದಪ್ಪವಾಗಿ ಅಚ್ಚಾದರೆ ಒತ್ತಿನೊಳಗಿನ ಆ ಗೀಟು ಮಸಿಯಲ್ಲಿ ಮುಚ್ಚಿಹೋಗುತ್ತದೆ.

ಇಂಗ್ಲಿಷ್ ಫಾಂಟ್‌ಗೂ ಇಂಥದೇ ತೊಂದರೆ ಉಂಟು. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿರುವ 11 ಅಕ್ಷರಾಂಕಿಗಳ ಐಎಫ್‌ಎಸ್‌ಸಿಯಲ್ಲಿ ಐದನೆಯದು ಯಾವಾಗಲೂ ಸೊನ್ನೆ, ‘ಓ’ ಅಕ್ಷರವಲ್ಲ. ಸೊನ್ನೆಯೊಳಗೆ ಚುಕ್ಕಿ ಅಥವಾ ಓರೆಗೀಟು ಇರುವ ಫಾಂಟ್ ಬಳಸಿದರೆ ಈ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ.

ಕರಪತ್ರ, ಅರ್ಜಿ, ನಾಮಫಲಕಕ್ಕೆ ಫಾಂಟ್ ಆರಿಸುವ ಮುನ್ನ ಮ–ವು, ದ್ದ–ದ್ಧ, ಪ–ಷ, ರ–ಠ ಜೋಡಿಗಳನ್ನು ಅಂತಿಮ ಅಳತೆಯಲ್ಲೇ ಒಮ್ಮೆ ಮುದ್ರಿಸಿ, ಹಿರಿಯರ ಕೈಗೆ ಕೊಟ್ಟು ಓದಿಸಿ ನೋಡಿ.