ಮಡಚುವ ಯಂತ್ರದೊಳಗಿನ ಬಾಗುವ ತಂತಿ: ಫ್ಲೆಕ್ಸ್ ಕೇಬಲ್ ಬಾಳುವುದು ಹೇಗೆ, ಮುರಿಯುವುದು ಏಕೆ?

ಹುಬ್ಬಳ್ಳಿ: ಲ್ಯಾಪ್‌ಟಾಪ್‌ನ ಮುಚ್ಚಳವನ್ನು ಅರ್ಧ ತೆರೆದಾಗ ಚಿತ್ರ ಸ್ಪಷ್ಟವಾಗಿ ಕಾಣುತ್ತದೆ. ಪೂರ್ತಿ ತೆರೆದ ಕೂಡಲೇ ಪರದೆ ಕಪ್ಪಾಗುತ್ತದೆ. ಸ್ವಲ್ಪ ಹಿಂದಕ್ಕೆ ತಂದರೆ ಮತ್ತೆ ಬೆಳಕು ಬರುತ್ತದೆ. ಇಂಥ ಯಂತ್ರವನ್ನು ದುರಸ್ತಿಗೆ ಒಯ್ದ ಗ್ರಾಹಕರು ಪರದೆಯೇ ಹಾಳಾಗಿದೆ ಎಂದು ಭಾವಿಸಿ ಸಾವಿರಾರು ರೂಪಾಯಿ ತೆರಲು ಸಿದ್ಧರಾಗುತ್ತಾರೆ. ಆದರೆ ಅನೇಕ ಸಂದರ್ಭಗಳಲ್ಲಿ ದೋಷವಿರುವುದು ಪರದೆಯಲ್ಲಲ್ಲ. ಪರದೆಯನ್ನೂ ಯಂತ್ರದ ಒಡಲನ್ನೂ ಜೋಡಿಸುವ, ಕೀಲಿನ ಮೂಲಕ ಹಾದುಹೋಗುವ ತೆಳುವಾದ ಕೇಬಲ್‌ನಲ್ಲಿ.

ಫ್ಲೆಕ್ಸ್ ಎಂದೊಡನೆ ಹುಬ್ಬಳ್ಳಿಯವರಿಗೆ ನೆನಪಾಗುವುದು ಚೆನ್ನಮ್ಮ ವೃತ್ತದ ಸುತ್ತ ತೂಗುವ ಶುಭಾಶಯದ ಫಲಕಗಳು. ಇಲ್ಲಿ ಹೇಳುತ್ತಿರುವ ಫ್ಲೆಕ್ಸ್ ಬೇರೆ. ಇದು ಬಾಗುವ ಗುಣವುಳ್ಳ ಮುದ್ರಿತ ಮಂಡಲ. ಮಡಚುವ ಮೊಬೈಲ್, ಕ್ಯಾಮೆರಾ, ಮುದ್ರಣ ಯಂತ್ರ, ಕೆಲವು ಲ್ಯಾಪ್‌ಟಾಪ್ ಹೀಗೆ ಚಲಿಸುವ ಭಾಗವಿರುವ ಉಪಕರಣಗಳಲ್ಲಿ ಇದರ ಬಳಕೆ ವ್ಯಾಪಕ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಇದರ ಬದಲು ಕೂದಲಿನಷ್ಟು ಸಣ್ಣ ತಂತಿಗಳ ಕಟ್ಟನ್ನು ಕೀಲಿನಲ್ಲಿ ಹಾಯಿಸಲಾಗುತ್ತದೆ. ಎರಡಕ್ಕೂ ಇರುವ ಶತ್ರು ಒಂದೇ: ದಿನನಿತ್ಯದ ಬಾಗುವಿಕೆ.

ಪಟ್ಟಿಯೊಳಗೆ ಏನಿದೆ?

ಫ್ಲೆಕ್ಸ್ ಕೇಬಲ್‌ನ ತಳಹದಿ ಪಾಲಿಇಮೈಡ್ ಎಂಬ ಜೇನುಬಣ್ಣದ ಪ್ಲಾಸ್ಟಿಕ್ ಹಾಳೆ. ಶಾಖವನ್ನು ಚೆನ್ನಾಗಿ ತಾಳಿಕೊಳ್ಳುವ ಈ ವಸ್ತುವನ್ನು ಅಮೆರಿಕದ ಡುಪಾಂಟ್ ಕಂಪೆನಿ 1960ರ ದಶಕದಲ್ಲಿ ಕ್ಯಾಪ್ಟಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 25 ಮೈಕ್ರಾನ್, ಅಂದರೆ ಮಿಲಿಮೀಟರಿನ ನಲವತ್ತನೇ ಒಂದು ಭಾಗದಷ್ಟು ದಪ್ಪದ ಹಾಳೆ ಸಾಮಾನ್ಯ. ಅದರ ಮೇಲೆ 12, 18 ಅಥವಾ 35 ಮೈಕ್ರಾನ್ ದಪ್ಪದ ತಾಮ್ರದ ಪದರವಿದ್ದು, ಬೇಡವಾದ ತಾಮ್ರವನ್ನು ರಾಸಾಯನಿಕದಿಂದ ಕರಗಿಸಿದಾಗ ಉಳಿಯುವ ಗೆರೆಗಳೇ ವಿದ್ಯುತ್ ಹರಿಯುವ ದಾರಿಗಳು. ಅವುಗಳ ಮೇಲೆ ರಕ್ಷಣೆಗಾಗಿ ಮತ್ತೊಂದು ಪಾಲಿಇಮೈಡ್ ಹಾಳೆಯನ್ನು ಅಂಟಿಸಲಾಗುತ್ತದೆ.

ತಾಮ್ರದಲ್ಲಿಯೂ ಎರಡು ಬಗೆ. ವಿದ್ಯುತ್ ಲೇಪನ ವಿಧಾನದಿಂದ ಪಡೆದದ್ದು ಒಂದು. ರೋಲರುಗಳ ನಡುವೆ ಒತ್ತಿ, ಕಾಯಿಸಿ ಮೆದುಗೊಳಿಸಿದ್ದು ಇನ್ನೊಂದು. ಎರಡನೆಯದರಲ್ಲಿ ಲೋಹದ ಕಣರಚನೆ ಉದ್ದಕ್ಕೆ ಚಾಚಿಕೊಂಡಿರುವುದರಿಂದ ಪದೇ ಪದೇ ಬಾಗುವ ಜಾಗಕ್ಕೆ ಅದೇ ಸೂಕ್ತ. ಆ ಕಣರಚನೆಯ ದಿಕ್ಕು ಕೇಬಲ್‌ನ ಉದ್ದಕ್ಕೆ ಹೊಂದಿರಬೇಕು ಎಂಬುದೂ ಮುಖ್ಯ.

ಮುರಿಯುವುದು ಏಕೆ?

ಕಬ್ಬಿಣದ ತಂತಿಯನ್ನು ಇಕ್ಕಳವಿಲ್ಲದೆ ತುಂಡರಿಸಬೇಕಾದರೆ ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತೇವೆ. ಕೀಲಿನೊಳಗೆ ತಾಮ್ರಕ್ಕೆ ಆಗುವುದೂ ಇದೇ. ಪಟ್ಟಿಯೊಂದು ಬಾಗಿದಾಗ ಅದರ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ನಡುವೆ ಹಿಗ್ಗದ, ಕುಗ್ಗದ ಒಂದು ತಟಸ್ಥ ಪದರವಿರುತ್ತದೆ.

0.1 ಮಿ.ಮೀ. ದಪ್ಪದ ಪಟ್ಟಿಯನ್ನು 10 ಮಿ.ಮೀ. ತ್ರಿಜ್ಯದ ಉರುಳೆಯ ಮೇಲೆ ಬಗ್ಗಿಸಿದರೆ ಹೊರಮೈ ಶೇ 0.5ರಷ್ಟು ಹಿಗ್ಗುತ್ತದೆ. ತ್ರಿಜ್ಯ 5 ಮಿ.ಮೀ. ಆದರೆ ಇದು ಶೇ 1. ತ್ರಿಜ್ಯ 1 ಮಿ.ಮೀ.ಗೆ ಇಳಿದರೆ ಶೇ 4.8. ಒಮ್ಮೆ ಮಾತ್ರ ಬಗ್ಗಿಸಿ ಹಾಗೆಯೇ ಬಿಡುವುದಾದರೆ ತಾಮ್ರ ಇದನ್ನು ಸಹಿಸಿಕೊಳ್ಳಬಹುದು. ದಿನಕ್ಕೆ 20 ಬಾರಿ ತೆರೆದು ಮುಚ್ಚುವ ಯಂತ್ರದಲ್ಲಿ ವರ್ಷಕ್ಕೆ 7,300 ಬಾರಿ ಈ ಹಿಗ್ಗು-ಕುಗ್ಗು ನಡೆದಾಗ ಕಣ್ಣಿಗೆ ಕಾಣದ ಬಿರುಕು ಹುಟ್ಟಿ ಬೆಳೆಯುತ್ತದೆ. ಬಿರುಕಿನ ತುದಿಗಳು ಒಂದು ಕೋನದಲ್ಲಿ ಕೂಡಿಕೊಂಡು ಇನ್ನೊಂದು ಕೋನದಲ್ಲಿ ಬೇರ್ಪಡುವುದರಿಂದಲೇ ಪರದೆ ಕಣ್ಣಾಮುಚ್ಚಾಲೆ ಆಡುತ್ತದೆ.

ಆದ್ದರಿಂದ ವಿನ್ಯಾಸಕಾರರು ಒಮ್ಮೆ ಬಾಗುವ ಕೇಬಲ್‌ಗೂ ಸದಾ ಬಾಗುವ ಕೇಬಲ್‌ಗೂ ಬೇರೆ ಬೇರೆ ನಿಯಮ ಅನುಸರಿಸುತ್ತಾರೆ. ಮೊದಲನೆಯದಕ್ಕೆ ದಪ್ಪದ ಹತ್ತರಷ್ಟು ತ್ರಿಜ್ಯ ಸಾಮಾನ್ಯವಾಗಿ ಸಾಕು. ಎರಡನೆಯದಕ್ಕೆ ನೂರರಷ್ಟು ಇರಲಿ ಎಂಬುದು ಎಚ್ಚರಿಕೆಯ ಲೆಕ್ಕ.

ಸುರುಳಿಯ ಉಪಾಯ

ದಪ್ಪದ ನೂರರಷ್ಟು ಎಂದರೆ 0.1 ಮಿ.ಮೀ. ಪಟ್ಟಿಗೆ 10 ಮಿ.ಮೀ. ತ್ರಿಜ್ಯ. ಆದರೆ ತೆಳು ಮೊಬೈಲ್‌ನ ಕೀಲಿನಲ್ಲಿ, ಉತ್ತರ ಕರ್ನಾಟಕದ ಮಾತಿನಲ್ಲಿ ಹೇಳುವುದಾದರೆ ಬಿಜಾಗರಿಯಲ್ಲಿ, ಅಷ್ಟು ಜಾಗ ಎಲ್ಲಿಂದ ಬರಬೇಕು? ಕೇಬಲ್‌ಗೆ ಆಕಾರ ಕೊಡುವ ಜಾಣ್ಮೆ ಬೇಕಾಗುವುದು ಇಲ್ಲಿಯೇ.

ಬಾಗುವಿಕೆಯನ್ನು ಒಂದೇ ಬಿಂದುವಿನಲ್ಲಿ ಬಿಡದೆ ಉದ್ದಕ್ಕೆ ಹಂಚುವುದೇ ಇದರ ಗುಟ್ಟು. ಮುಚ್ಚಳ 135 ಡಿಗ್ರಿ ತೆರೆಯುತ್ತದೆ ಎಂದಿಟ್ಟುಕೊಳ್ಳೋಣ. ಆ ತಿರುವನ್ನೆಲ್ಲ 5 ಮಿ.ಮೀ. ಉದ್ದದ ಪಟ್ಟಿಯೇ ಹೊರಬೇಕಾದರೆ, 0.1 ಮಿ.ಮೀ. ದಪ್ಪದ ಪಟ್ಟಿಯ ಹೊರಮೈಯಲ್ಲಿ ಪ್ರತಿ ಸಲವೂ ಸುಮಾರು ಶೇ 2.4ರಷ್ಟು ವ್ಯತ್ಯಾಸವಾಗುತ್ತದೆ. ಅದೇ ತಿರುವನ್ನು 30 ಮಿ.ಮೀ. ಉದ್ದಕ್ಕೆ ಹಂಚಿದರೆ ವ್ಯತ್ಯಾಸ ಶೇ 0.4ಕ್ಕೆ ಇಳಿಯುತ್ತದೆ. ಹಾಗಾಗಿ ಕೇಬಲನ್ನು ಕೀಲಿನ ಅಕ್ಷದ ಸುತ್ತ ಗಡಿಯಾರದ ಸ್ಪ್ರಿಂಗ್‌ನಂತೆ ಒಂದೆರಡು ಸುತ್ತು ಸುತ್ತಿ ಕೂರಿಸಲಾಗುತ್ತದೆ. ಮುಚ್ಚಳ ತೆರೆದಾಗ ಸುರುಳಿ ಕೊಂಚ ಸಡಿಲಗೊಳ್ಳುತ್ತದೆ, ಮುಚ್ಚಿದಾಗ ಬಿಗಿಯಾಗುತ್ತದೆ. ಯಾವ ಬಿಂದುವೂ ಒಂಟಿಯಾಗಿ ಭಾರ ಹೊರುವುದಿಲ್ಲ.

ಇದರ ಜೊತೆಗೆ ಇನ್ನೂ ಕೆಲವು ಎಚ್ಚರಿಕೆಗಳಿವೆ. ತಾಮ್ರದ ಗೆರೆಗಳು ಬಾಗುವ ರೇಖೆಗೆ ಲಂಬವಾಗಿರಬೇಕು. ಬಾಗುವ ಜಾಗದಲ್ಲಿ ರಂಧ್ರ, ಬೆಸುಗೆ, ಗಟ್ಟಿ ಪಟ್ಟಿಯ ಅಂಚು ಇರಬಾರದು. ತಿರುವುಗಳು ಚೂಪಾಗಿರದೆ ಕಮಾನಿನಂತಿರಬೇಕು. ಎರಡು ಪದರವಿದ್ದರೆ ಮೇಲಿನ ಗೆರೆ ಕೆಳಗಿನ ಗೆರೆಯ ನೆತ್ತಿಯ ಮೇಲೆಯೇ ಬಾರದಂತೆ ಸರಿಸಬೇಕು. ಪದರಗಳು ಹೆಚ್ಚಿದ್ದರೆ ಬಾಗುವಲ್ಲಿ ಅವನ್ನು ಒಂದಕ್ಕೊಂದು ಅಂಟಿಸದೆ ಬಿಡುವುದುಂಟು. ರಟ್ಟು ಬಾಗಲು ಹಟಮಾಡುತ್ತದೆ. ಅಷ್ಟೇ ದಪ್ಪದ ನೋಟ್‌ಪುಸ್ತಕದ ಹಾಳೆಗಳು ಒಂದರ ಮೇಲೊಂದು ಜಾರಿ ಸಲೀಸಾಗಿ ಬಾಗುತ್ತವೆ. ತತ್ವ ಅದೇ.

ಪಾಲಿಇಮೈಡ್‌ಗೆ ತನ್ನ ಮೊದಲಿನ ಆಕಾರಕ್ಕೆ ಮರಳುವ ಸ್ವಭಾವವಿದೆ. ಹೀಗಾಗಿ ಸ್ಥಿರವಾಗಿ ಬಾಗಿರಬೇಕಾದ ಭಾಗಗಳನ್ನು ಕಾರ್ಖಾನೆಯಲ್ಲಿ ಅಚ್ಚಿನ ಮೇಲೆ ಇಟ್ಟು, ಶಾಖ ಮತ್ತು ಒತ್ತಡ ಕೊಟ್ಟು ರೂಪಿಸುತ್ತಾರೆ. ಈ ವಸ್ತು ತೇವವನ್ನು ಹೀರಿಕೊಳ್ಳುವುದರಿಂದ ಬೆಸುಗೆಗೆ ಮುನ್ನ ಒಲೆಯಲ್ಲಿ ಒಣಗಿಸುವುದು ಕಡ್ಡಾಯ. ಇಲ್ಲವಾದರೆ ಒಳಗಿನ ತೇವ ಆವಿಯಾಗಿ ಪದರಗಳು ಉಬ್ಬಿ ಬೇರ್ಪಡುತ್ತವೆ.

ಎರಡು ಮಿಲಿಮೀಟರಿನ ಪಾಠ

ದೊಡ್ಡ ಕಂಪೆನಿಗಳೂ ಇಲ್ಲಿ ಎಡವಿದ್ದುಂಟು. ಆಪಲ್ ಕಂಪೆನಿ 2016ರಲ್ಲಿ ಹೊರತಂದ ಮ್ಯಾಕ್‌ಬುಕ್ ಪ್ರೊ ಯಂತ್ರಗಳಲ್ಲಿ ಪರದೆಯ ಕೇಬಲ್ ಮುಚ್ಚಳ ತೆರೆದಂತೆಲ್ಲ ಬಿಗಿಯಾಗಿ ಎಳೆದುಕೊಳ್ಳುತ್ತಿತ್ತು. ಕೆಲ ಕಾಲದ ನಂತರ ಪರದೆಯ ಕೆಳ ಅಂಚಿನಲ್ಲಿ ನಾಟಕದ ವೇದಿಕೆಯ ದೀಪಗಳಂತೆ ಬೆಳಕಿನ ಪಟ್ಟೆಗಳು ಮೂಡಿ, ಕೊನೆಗೆ ಬೆಳಕೇ ಆರುತ್ತಿತ್ತು. 2018ರ ಮಾದರಿಯಲ್ಲಿ ಕೇಬಲ್ ಸುಮಾರು 2 ಮಿ.ಮೀ. ಉದ್ದವಾಗಿರುವುದನ್ನು ಐಫಿಕ್ಸಿಟ್ ಸಂಸ್ಥೆಯ ದುರಸ್ತಿ ತಜ್ಞರು ಗುರುತಿಸಿದರು. 2019ರ ಮೇ ತಿಂಗಳಲ್ಲಿ ಕಂಪೆನಿಯು 13 ಅಂಗುಲದ ಮಾದರಿಗೆ ಉಚಿತ ದುರಸ್ತಿ ಯೋಜನೆ ಪ್ರಕಟಿಸಿತು. ಆ ಯಂತ್ರಗಳಲ್ಲಿ ಕೇಬಲ್ ಪರದೆಯ ಅಂಗವಾಗಿಯೇ ಇದ್ದುದರಿಂದ ಒಂದು ಪಟ್ಟಿ ಹರಿದರೆ ಇಡೀ ಪರದೆಯನ್ನೇ ಬದಲಿಸಬೇಕಾಗಿತ್ತು.

ಅವಳಿನಗರಕ್ಕೇನು ಸಂಬಂಧ?

2023ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರವು ಧಾರವಾಡದ ಬಳಿಯ ಕೋಟೂರು-ಬೇಲೂರು ಕೈಗಾರಿಕಾ ಪ್ರದೇಶದಲ್ಲಿ 180 ಕೋಟಿ ರೂ. ವೆಚ್ಚದ ಎಲೆಕ್ಟ್ರಾನಿಕ್ಸ್ ಉತ್ಪಾದನಾ ಕ್ಲಸ್ಟರ್‌ಗೆ ಅನುಮೋದನೆ ನೀಡಿತು. ಈ ಬೇಲೂರು ಹಾಸನ ಜಿಲ್ಲೆಯದಲ್ಲ. ಬೆಳಗಾವಿಗೆ ಹೋಗುವ ಹೆದ್ದಾರಿಯ ಕಡೆಯದು. 2025ರ ಮಾರ್ಚ್ 28ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ 22,919 ಕೋಟಿ ರೂ.ಗಳ ಬಿಡಿಭಾಗ ಉತ್ಪಾದನಾ ಯೋಜನೆಯ ಪಟ್ಟಿಯಲ್ಲಿ ಫ್ಲೆಕ್ಸ್ ಮಂಡಲಗಳೂ ಸೇರಿವೆ. ರಾಜ್ಯದಲ್ಲಿ ನಂಜನಗೂಡಿನಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಂಪೆನಿಯ ಮುದ್ರಿತ ಮಂಡಲಗಳ ಕಾರ್ಖಾನೆ ಇದೆ.

ಬಿಡಿಭಾಗ ತರಿಸಿ ಜೋಡಿಸುವುದು ಒಂದು ಕೆಲಸ. ಬಾಗುವ ಮಂಡಲವನ್ನು ವಿನ್ಯಾಸ ಮಾಡಿ, ಸಾವಿರಾರು ಸಲ ಮಡಚಿ ಪರೀಕ್ಷಿಸಿ ತಯಾರಿಸುವುದು ಇನ್ನೊಂದು. ಎರಡನೆಯದಕ್ಕೆ ಯಂತ್ರಶಾಸ್ತ್ರ, ಲೋಹಶಾಸ್ತ್ರ, ಎಲೆಕ್ಟ್ರಾನಿಕ್ಸ್ ಮೂರೂ ಬಲ್ಲವರು ಬೇಕು. ಐಐಟಿ, ಐಐಐಟಿ, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯಗಳಿರುವ ಅವಳಿನಗರದಲ್ಲಿ ಅಂಥವರನ್ನು ಸಿದ್ಧಪಡಿಸುವುದು ಅಸಾಧ್ಯವೇನಲ್ಲ. ಓದು ಮುಗಿಸಿ ಬೆಂಗಳೂರು, ಪುಣೆಯ ಬಸ್ಸು ಹತ್ತುವ ಇಲ್ಲಿನ ಯುವಕರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಗ್ರಾಹಕರು ಗಮನಿಸಬೇಕಾದದ್ದು

ಪರದೆ ಕೋನಕ್ಕೆ ತಕ್ಕಂತೆ ಹತ್ತಿ ಆರುತ್ತಿದ್ದರೆ ಮೊದಲು ಕಡತಗಳ ಪ್ರತಿ ತೆಗೆದಿಡಿ. ಲ್ಯಾಪ್‌ಟಾಪನ್ನು ಹೊರಗಿನ ಮಾನಿಟರ್ ಅಥವಾ ಟಿವಿಗೆ ಜೋಡಿಸಿ ನೋಡಿ. ಅಲ್ಲಿ ಚಿತ್ರ ಸರಿಯಾಗಿದ್ದರೆ ಒಳಗಿನ ಮುಖ್ಯ ಮಂಡಲ ಬಹುತೇಕ ಕ್ಷೇಮ ಎಂದರ್ಥ. ಪರದೆ ಬದಲಿಸುವ ಮುನ್ನ ಕೇಬಲ್ ಪರೀಕ್ಷಿಸುವಂತೆ ಕೇಳಬಹುದು.

ಹೊಸ ಕೇಬಲ್ ಹಾಕಿಸುವಾಗ ಅದೇ ಮಾದರಿ ಸಂಖ್ಯೆಯದನ್ನೇ ಕೇಳಿ. ಉದ್ದ ಕಡಿಮೆಯಾದರೆ ಎಳೆತ, ಹೆಚ್ಚಾದರೆ ಕೀಲಿಗೆ ಸಿಕ್ಕಿ ಜಜ್ಜಿಹೋಗುವ ಭಯ. ಹಳೆಯ ಕೇಬಲ್ ಹೇಗೆ ಸುತ್ತಿತ್ತೋ ಹಾಗೆಯೇ ಹೊಸದನ್ನು ಕೂರಿಸಬೇಕು. ಅಚ್ಚುಕಟ್ಟಾಗಿ ಕಾಣಲೆಂದು ಉಗುರಿನಿಂದ ಒತ್ತಿ ಮಡಿಕೆ ಮಾಡಿದರೆ ಬಿರುಕಿಗೆ ಅಲ್ಲಿಯೇ ಬುನಾದಿ ಹಾಕಿದಂತೆ. ಕೀಲು ಬಿಗಿಯಾಗಿ ಕಿರುಗುಟ್ಟುತ್ತಿದ್ದರೆ ಅಥವಾ ಅದರ ತಿರುಪು ಕಿತ್ತುಬಂದಿದ್ದರೆ ಮೊದಲು ಅದನ್ನು ಸರಿಪಡಿಸಿ. ಮುಚ್ಚಳವನ್ನು ಒಂದು ಮೂಲೆ ಹಿಡಿದು ಎತ್ತದೆ ನಡುವೆ ಹಿಡಿದು ತೆರೆಯುವುದು ಒಳ್ಳೆಯ ಅಭ್ಯಾಸ.

ಬಿಡಿಭಾಗ, ದುರಸ್ತಿ ಹಾಗೂ ವಾರಂಟಿ ಕುರಿತ ಮಾಹಿತಿಗಾಗಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ದುರಸ್ತಿಯ ಹಕ್ಕಿನ ಜಾಲತಾಣ ಆರಂಭಿಸಿದೆ. ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕೇಬಲ್ ಒಂದನ್ನೇ ಬದಲಿಸಿದರೆ ಇನ್ನೂ ಕೆಲ ವರ್ಷ ಬಾಳಬಲ್ಲ ಯಂತ್ರವನ್ನು ಇ-ತ್ಯಾಜ್ಯದ ರಾಶಿಗೆ ಸೇರಿಸುವ ಮುನ್ನ ಇಷ್ಟು ವಿಚಾರಿಸುವುದು ಕಿಸೆಗೂ ಊರಿಗೂ ಹಿತ.