ಸಂತ ನಿಕೊಲಾಸನ ಒಂದು ಹಳೆಯ ಚಿತ್ರಪಟ

ಕ್ರಿಸ್‌ಮಸ್ ಹಬ್ಬದಲ್ಲಿ ಮಕ್ಕಳಿಗೆ ಆಟಿಕೆಗಳನ್ನು ಹೊತ್ತು ತರುವ ಸಾಂತಾಕ್ಲಾಸನೆಂದರೆ ಬೆಳ್ಳನೆಯ ಗಡ್ಡದ, ಡೊಳ್ಳು ಹೊಟ್ಟೆಯ, ನಗುಮೊಗದ ಮುದುಕನೆಂದೇ ನಮ್ಮ ವಾಚಕರು ತಿಳಿದಿರುವರು. ಈ ರೂಪವು ಆತನಲ್ಲಿ ನೆಲೆಗೊಳ್ಳುವ ಮೊದಲೇ, 1837ರ ಸುಮಾರಿನಲ್ಲಿ, ರಾಬರ್ಟ್ ವಾಲ್ಟರ್ ವೇರ್ ಎಂಬ ಅಮೆರಿಕದ ಚಿತ್ರಕಾರನು ಆತನನ್ನು ಬೇರೆ ಬಗೆಯಾಗಿ ಚಿತ್ರಿಸಿದನು. ಈ ವೇರ್ ಮಹಾಶಯನು ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯದಲ್ಲಿ ನಾಲ್ವತ್ತು ವರ್ಷಗಳಿಗೂ ಮೇಲ್ಪಟ್ಟು ಚಿತ್ರಲೇಖನವನ್ನು ಕಲಿಸಿದವನು. ಮುಂದೆ ರಾಷ್ಟ್ರಾಧ್ಯಕ್ಷನಾದ ಗ್ರಾಂಟನೂ ಇವನಲ್ಲಿ ಪಾಠ ಹೇಳಿಸಿಕೊಂಡವನೇ.

ಚಿತ್ರದಲ್ಲಿ ಕಾಣುವವನು ಒಬ್ಬ ಗಿಡ್ಡ ಮನುಷ್ಯ. ಉದ್ದನೆಯ ಬಿಳಿಯ ಗಡ್ಡವಿಲ್ಲ. ಮೈಮೇಲೆ ತುಪ್ಪುಳಿನ ಅಂಚುಳ್ಳ ಕೆಂಪು ನಿಲುವಂಗಿ, ಬೆನ್ನ ಮೇಲೆ ಆಟಿಕೆಗಳ ಚೀಲ. (ಕೆಂಪುಡುಗೆಯು 1931ರಲ್ಲಿ ಒಂದು ಪಾನೀಯದ ಜಾಹೀರಾತಿನಿಂದ ಬಂದಿತೆಂಬ ಮಾತು ಎಷ್ಟು ಹುಸಿಯೆಂಬುದು ಇದರಿಂದಲೇ ತಿಳಿಯುವುದು.) ಅಗ್ಗಿಷ್ಟಿಕೆಯ ಬಳಿ ಕಾಲುಚೀಲಗಳು ತೂಗುತ್ತಿವೆ. ಕೆಲಸ ಮುಗಿಯಿತು, ಇನ್ನೇನು ಹೊಗೆಗೂಡನ್ನೇರಬೇಕು. ಅಷ್ಟರಲ್ಲಿ ನಮ್ಮತ್ತ ತಿರುಗಿ, ಮೂಗಿನ ಪಕ್ಕಕ್ಕೆ ಬೆರಳಿಟ್ಟು ನೋಡುತ್ತಾನೆ.

ನೆಲದ ಮೇಲೆ ಅರೆ ಸುಲಿದ ಕಿತ್ತಳೆಹಣ್ಣೂ ಮುರಿದ ಮಣ್ಣಿನ ಚಿಲುಮೆಯೂ ಬಿದ್ದಿವೆ. ಬರಿಯ ಅಲಂಕಾರವೆಂದು ಇವನ್ನು ಬಿಟ್ಟುಬಿಡುವಂತಿಲ್ಲ. ನ್ಯೂಯಾರ್ಕ್ ನಗರವು 1664ರಲ್ಲಿ ಆಂಗ್ಲರ ವಶವಾಗುವವರೆಗೂ ಡಚ್ಚರದಾಗಿದ್ದು, ನ್ಯೂ ಆಮ್‌ಸ್ಟರ್‌ಡಾಂ ಎನಿಸಿಕೊಂಡಿತ್ತು. ಇಂಗ್ಲಿಷಿನಲ್ಲಿ ಕಿತ್ತಳೆಯ ಹೆಸರೂ ಡಚ್ಚರ ರಾಜವಂಶದ ಹೆಸರೂ ಆರೆಂಜ್ ಎಂಬುದೊಂದೇ. ಚಿಲುಮೆಯಂತೂ ಆ ಜನರ ಕೈ ಬಿಡದ ಸಂಗಾತಿ. ಆ ಹಳೆಯ ನಗರದ ನೆನಪನ್ನು ವಾಷಿಂಗ್ಟನ್ ಇರ್ವಿಂಗನು 1809ರಲ್ಲಿ ನಿಕ್ಕರ್‌ಬಾಕರ್ ಎಂಬ ಕಲ್ಪಿತ ಹೆಸರಿನಿಂದ ಹೊರಡಿಸಿದ ವಿನೋದಚರಿತ್ರೆಯಲ್ಲಿ ಮತ್ತೆ ಬದುಕಿಸಿದ್ದನು. ಮೂಗಿಗೆ ಬೆರಳಿಡುವ ಸನ್ನೆಯು ಅದರ 1812ರ ಆವೃತ್ತಿಯಲ್ಲಿಯೂ, 1823ರಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾದ ಪ್ರಸಿದ್ಧ ಶಿಶುಗೀತೆಯಲ್ಲಿಯೂ ಉಂಟು. ಆದುದರಿಂದ ಕೈಬಿಟ್ಟುಹೋದ ಊರೊಂದರ ಮನೆದೇವರಂತೆ ಈ ನಿಕೊಲಾಸನು ನಮಗೆ ಕಾಣುವನು.

ಆದರೆ ಆ ಮುಖದ ಅರ್ಥವೇನು? ಡಚ್ಚರ ಮನೆಗಳಲ್ಲಿ ಸಂತನು ಒಳ್ಳೆಯ ಮಕ್ಕಳಿಗೆ ತಿಂಡಿಯನ್ನೂ ತಂಟೆಕೋರರಿಗೆ ಹೊಡೆತದ ಕಡ್ಡಿಯನ್ನೂ ತರುವನೆಂಬ ನಂಬಿಕೆಯಿದ್ದಿತು. ವೇರ್ ಬರೆದ ನಗೆಯಲ್ಲಿ ಎರಡೂ ಇವೆಯೆಂದು ನಮ್ಮ ಅಭಿಪ್ರಾಯ. ಗುಟ್ಟನ್ನು ಕಾಪಾಡುವೆನೆಂದು ಹೇಳುವಂತೆಯೂ ಇದೆ. ನಿನ್ನ ಗುಟ್ಟನ್ನು ಬಲ್ಲೆನೆಂದು ಬೆದರಿಸುವಂತೆಯೂ ಇದೆ. 1863ರಿಂದ ತಾಮಸ್ ನಾಸ್ಟನು ವಾರಪತ್ರಿಕೆಯಲ್ಲಿ ಬರೆಯತೊಡಗಿದ ಚಿತ್ರಗಳಲ್ಲಿ ಮುದುಕನು ದಪ್ಪಗಾದನು, ಸೌಮ್ಯನಾದನು. ಆ ಓರೆನೋಟವು ಮರೆಯಾಯಿತು.

ಇದರ ಅಚ್ಚಿನ ಪ್ರತಿಯನ್ನು ನಮ್ಮ ಮನೆಯ ಮಕ್ಕಳಿಗೆ ತೋರಿಸಿದೆವು. ದೊಡ್ಡ ಹುಡುಗನು ಚೀಲದಲ್ಲಿ ಏನೇನಿದೆಯೆಂದು ಎಣಿಸತೊಡಗಿದನು. ಕಿರಿಯವಳು ಮುಖವನ್ನು ನೋಡಿ, ತಾಯಿಯ ಸೆರಗನ್ನು ಹಿಡಿದುಕೊಂಡು, "ಇವನು ಹೋಗುತ್ತಾನೋ, ಬರುತ್ತಾನೋ?" ಎಂದು ಕೇಳಿದಳು.